ಕ್ರಿಸ್‌ಮಸ್ ದೀಪ ನೋಡಿ ಅದೇ ರಾತ್ರಿ ಊರಿಗೆ ಹೊರಡಬೇಡಿ

ಡಿಸೆಂಬರ್ ಹದಿನೈದು ದಾಟಿತೆಂದರೆ ನಮ್ಮ ದಾವಣಗೆರೆ, ಚಿತ್ರದುರ್ಗದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಲೆಕ್ಕ ಓಡಾಡಲು ಶುರುವಾಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಕಾರು ಬಿಡುವುದು, ಹತ್ತೂವರೆಗೆ ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕು ಮುಟ್ಟುವುದು, ಸಂಜೆವರೆಗೆ ರೈಡು, ಕತ್ತಲಾದ ಮೇಲೆ ಕ್ರಿಸ್‌ಮಸ್ ದೀಪ ಮತ್ತು ಕುಣಿತ, ಒಂಬತ್ತಕ್ಕೆ ಹೊರಟು ಬೆಳಗಾಗುವುದರೊಳಗೆ ಮನೆ. ಲಾಡ್ಜ್ ಖರ್ಚೂ ಉಳಿಯಿತು, ಮಾರನೇ ದಿನ ಅಂಗಡಿ ಬಾಗಿಲೂ ತೆಗೆಯಬಹುದು.

ಈ ಲೆಕ್ಕದಲ್ಲಿ ಸ್ಟಿಯರಿಂಗ್ ಹಿಡಿದವರು ಸೇರಿಲ್ಲ. ದಾವಣಗೆರೆಯಿಂದ ಬಿಡದಿಗೆ ಸುಮಾರು 280 ಕಿಲೋಮೀಟರ್, ಹೋಗಿ ಬರಲು 560. ಮೂರಕ್ಕೆ ಎದ್ದವರು ಮರುದಿನ ಮೂರಕ್ಕೆ ಮನೆ ಸೇರಿದರೆ ಇಪ್ಪತ್ತನಾಲ್ಕು ಗಂಟೆ ಕಣ್ಣು ಮುಚ್ಚಿಲ್ಲ. ಅದರಲ್ಲಿ ಹನ್ನೊಂದು ಗಂಟೆ ಗಾಡಿ ಓಡಿಸಿದ್ದಾರೆ, ಉಳಿದಷ್ಟೂ ಹೊತ್ತು ಮಗುವನ್ನು ಹೆಗಲ ಮೇಲೆ ಹೊತ್ತು ಕ್ಯೂನಲ್ಲಿ ನಿಂತಿದ್ದಾರೆ. ನಮ್ಮ ಅಭಿಪ್ರಾಯ ಇಷ್ಟೇ: ಹಗಲಿನ ರೈಡು, ರಾತ್ರಿಯ ದೀಪ, ಅದೇ ರಾತ್ರಿ ವಾಪಸ್. ಈ ಮೂರರಲ್ಲಿ ಎರಡನ್ನು ಮಾತ್ರ ಇಟ್ಟುಕೊಳ್ಳಿ. ದೀಪ ಬೇಕು ಅಂದರೆ ಅಲ್ಲೇ ಉಳಿದುಕೊಳ್ಳಿ. ಅದೇ ದಿನ ಮನೆಗೆ ಬರಲೇಬೇಕು ಅಂದರೆ ದೀಪದ ಆಸೆ ಬಿಟ್ಟು ಸಂಜೆ ನಾಲ್ಕಕ್ಕೇ ಹೊರಡಿ.

ರಾತ್ರಿ ಎರಡರಿಂದ ಐದರವರೆಗೆ ಮನುಷ್ಯನ ದೇಹ ನಿದ್ದೆಯನ್ನು ಎಳೆದು ತರುವ ಹೊತ್ತು. ಒಂಬತ್ತು, ಒಂಬತ್ತೂವರೆಗೆ ಬಿಡದಿ ಬಿಟ್ಟು ನಡುವೆ ಟೀ ಕುಡಿದು ಬರುವವರು ಸರಿಯಾಗಿ ಆ ಹೊತ್ತಿಗೇ ಹಿರಿಯೂರು, ದುರ್ಗದ ಆಜುಬಾಜು ಇರುತ್ತಾರೆ. ಶಿರಾ ದಾಟಿದ ಮೇಲೆ ರಸ್ತೆ ಉದ್ದಕ್ಕೂ ನೇರ. ತಿರುವಿದ್ದರೆ ಕೈಗೂ ಕಣ್ಣಿಗೂ ಕೆಲಸ ಇರುತ್ತದೆ. ನೇರ ರಸ್ತೆ ಜೋಗುಳ ಹಾಡಿದ ಹಾಗೆ. ಅದರ ಮೇಲೆ ಹಿಂದಿನ ದೀಪ ಉರಿಯದೆ ರಸ್ತೆ ಅಂಚಿಗೆ ನಿಂತ ಲಾರಿಗಳು. ಹಿಂದಿನ ಸೀಟಿನಲ್ಲಿ ಎಲ್ಲರೂ ಮಲಗಿರುತ್ತಾರೆ, ಮಾತನಾಡಿಸುವವರೂ ಇಲ್ಲ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಐದು ನಿಮಿಷಕ್ಕಿಂತ ಹೆಚ್ಚು ತಡೆಯುವುದಿಲ್ಲ. ಕಾಫಿ ಕೂಡ ಕುಡಿದ ಕೂಡಲೇ ಅಲ್ಲ, ಅರ್ಧ ಗಂಟೆ ಆದ ಮೇಲೆ ಕೆಲಸ ಮಾಡುತ್ತದೆ. ಅನಿವಾರ್ಯವಾಗಿ ಬರಲೇಬೇಕಾದವರು ಪೆಟ್ರೋಲ್ ಬಂಕಿನ ಬೆಳಕಿನಲ್ಲಿ ಗಾಡಿ ನಿಲ್ಲಿಸಿ, ಕಾಫಿ ಕುಡಿದು, ಆ ಕೂಡಲೇ ಇಪ್ಪತ್ತು ನಿಮಿಷ ಅಲಾರಂ ಇಟ್ಟು ಮಲಗಿ. ಏಳುವ ಹೊತ್ತಿಗೆ ಎರಡೂ ಒಟ್ಟಿಗೆ ನೆರವಾಗುತ್ತವೆ.

ಬಾಡಿಗೆ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಮೂರು ಮನೆಯವರು ಒಟ್ಟಿಗೆ ಹೋಗುವವರೂ ಇದನ್ನು ಓದಬೇಕು. ಡ್ರೈವರ್ ಹಗಲೆಲ್ಲ ಪಾರ್ಕಿಂಗ್‌ನಲ್ಲಿ ಮಲಗಿರುತ್ತಾನೆ ಬಿಡಿ ಎನ್ನುತ್ತಾರೆ. ಬಿಸಿಲಿಗೆ ಕಾದ ಗಾಡಿಯೊಳಗೆ ಯಾರಿಗೆ ನಿದ್ದೆ ಹತ್ತುತ್ತದೆ? ಸೀಸನ್‌ನಲ್ಲಿ ಆತ ಹಿಂದಿನ ರಾತ್ರಿಯೂ ಬೇರೆ ಟ್ರಿಪ್ ಮುಗಿಸಿ ಬಂದಿರಬಹುದು. ಬುಕ್ ಮಾಡುವಾಗಲೇ ಕೇಳಿ. ಆತನಿಗೂ ಒಂದು ಹಾಸಿಗೆ, ಒಂದು ಫ್ಯಾನ್ ಇರುವ ರೂಮು ಹಿಡಿಯಿರಿ. ಮೂರು ಮನೆಯವರು ಹಂಚಿಕೊಂಡರೆ ಅದೇನು ದೊಡ್ಡ ಹೊರೆಯಲ್ಲ.

ಇನ್ನು ದಿನ ಯಾವುದು? 25ನೇ ತಾರೀಖು ಬೇಡ. ರಾಜ್ಯ ಪಠ್ಯಕ್ರಮದ ಹೆಚ್ಚಿನ ಶಾಲೆಗಳಿಗೆ ಅದೊಂದೇ ದಿನ ರಜೆ, ಕಾನ್ವೆಂಟ್ ಶಾಲೆಗಳಿಗೆ ಕ್ರಿಸ್‌ಮಸ್ ರಜೆ, ಬೆಂಗಳೂರಿನ ಆಫೀಸುಗಳಿಗೂ ರಜೆ. ಎಲ್ಲರೂ ಒಂದೇ ಗೇಟಿಗೆ ಬರುತ್ತಾರೆ. ಆ ವಾರದಲ್ಲಿ ಶನಿವಾರ, ಭಾನುವಾರ ಬಿಟ್ಟು ಉಳಿದ ದಿನ ಹಿಡಿಯಿರಿ. ಅಲಂಕಾರ 25ಕ್ಕೇ ಕಳಚುವುದಿಲ್ಲ, ಸಾಮಾನ್ಯವಾಗಿ ಹೊಸ ವರ್ಷದವರೆಗೆ ಇರುತ್ತದೆ. ಟಿಕೆಟ್ ತೆಗೆಯುವ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ನೀವು ಹೋಗುವ ದಿನ ಪಾರ್ಕು ಎಷ್ಟು ಗಂಟೆವರೆಗೆ ತೆರೆದಿರುತ್ತದೆ, ಹಗಲಿನ ಟಿಕೆಟ್ಟೇ ರಾತ್ರಿಯ ಕಾರ್ಯಕ್ರಮಕ್ಕೂ ನಡೆಯುತ್ತದೆಯೇ. ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ. ಅಮೆರಿಕದ ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲಿ 1983ರಲ್ಲಿ ಶುರುವಾದ ಕ್ರಿಸ್‌ಮಸ್ ರಾತ್ರಿಗೆ ಟಿಕೆಟ್ ಬೇರೆಯೇ. ಹಗಲಿನ ಟಿಕೆಟ್‌ನವರು ಸಂಜೆ ಹೊರಗೆ ಬರಬೇಕು. ನಮ್ಮ ಕಡೆಯೂ ವರ್ಷದಿಂದ ವರ್ಷಕ್ಕೆ ಸಮಯ ಬದಲಾಗುತ್ತದೆ. ಪಾರ್ಕಿನ ವೆಬ್‌ಸೈಟಿನಲ್ಲಿ ಆ ತಾರೀಖನ್ನೇ ಒತ್ತಿ ನೋಡಿ. ಫಾರ್ವರ್ಡ್ ಆಗಿ ಬಂದ ಪೋಸ್ಟರ್ ಹೋದ ವರ್ಷದ್ದೂ ಆಗಿರಬಹುದು.

ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ವಂಡರ್‌ಲಾದಲ್ಲಿ 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದ್ದು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ, ಚಪ್ಪಲಿ ಬಿಡಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಗೆರೆ ಎಳೆದು ಟೇಪಿನಲ್ಲಿ ಅಳೆಯಿರಿ. ಪ್ರತಿ ದೊಡ್ಡ ರೈಡಿಗೂ ಅದರದ್ದೇ ಎತ್ತರದ ಮಿತಿ ಇರುತ್ತದೆ, ಬಾಗಿಲಲ್ಲೇ ಗೆರೆ ಇರುತ್ತದೆ. ಅಲ್ಲಿ ಗಲಾಟೆ ಮಾಡಿ ಪ್ರಯೋಜನವಿಲ್ಲ, ಮಾಡಲೂಬಾರದು. ದುಗ್ಗಮ್ಮನ ಜಾತ್ರೆಯ ತೊಟ್ಟಿಲಲ್ಲಿ ಅಮ್ಮನ ತೊಡೆ ಮೇಲೆ ಕೂತು ಬಂದ ಮಗು ಇಲ್ಲೂ ಕೂರಬಹುದು ಎಂಬುದು ತಪ್ಪು ತಿಳಿವಳಿಕೆ. ಜಾತ್ರೆಯ ತೊಟ್ಟಿಲು ನಿಧಾನ ತಿರುಗುತ್ತದೆ. ಇಲ್ಲಿ ಸೀಟು ತಲೆಕೆಳಗಾದಾಗ ಮೈಯನ್ನು ಹಿಡಿದಿಡುವುದು ಭುಜದ ಮೇಲೆ ಬಂದು ಕೂರುವ ಹಾರ್ನೆಸ್ ಒಂದೇ. ಮಗು ಗಿಡ್ಡ ಇದ್ದರೆ ಅದಕ್ಕೂ ಭುಜಕ್ಕೂ ನಡುವೆ ಸಂದು ಉಳಿಯುತ್ತದೆ, ಆ ಸಂದಿನಲ್ಲಿ ಮೈ ಜಾರುತ್ತದೆ. ಮಗು ಧೈರ್ಯವಂತನೋ ಅಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕ್ಯೂ ತಪ್ಪಿಸಿ ಬೇಗ ಹತ್ತಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ವಿಷಯದಲ್ಲೂ ಇದನ್ನು ನೆನಪಿಡಿ: ಅರ್ಧಕ್ಕರ್ಧ ದೊಡ್ಡ ರೈಡು ಹತ್ತಲಾಗದ ಮಗುವಿಗೆ ಆ ದುಡ್ಡು ದಂಡ.

ಗರ್ಭಿಣಿಯರು, ಬೆನ್ನು-ಕುತ್ತಿಗೆ ನೋವಿನವರು, ಬಿಪಿ, ಹೃದಯದ ತೊಂದರೆ ಇದ್ದವರು ಜೋರು ರೈಡು ಹತ್ತಲೇಬಾರದು. ತುಂಬಿದ ಹೊಟ್ಟೆಯವರೂ ಅಷ್ಟೇ. ಬೆಣ್ಣೆದೋಸೆ ಹೊಡೆದು ಅರ್ಧ ಗಂಟೆಗೇ ಗಿರಗಿರ ತಿರುಗುವ ರೈಡು ಹತ್ತಿದರೆ ಕಿವಿಯೊಳಗಿನ ದ್ರವ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ, ಹೊಟ್ಟೆ ತಿರುವಿಕೊಳ್ಳುತ್ತದೆ. ಊಟಕ್ಕೂ ರೈಡಿಗೂ ನಡುವೆ ಒಂದೂವರೆ, ಎರಡು ಗಂಟೆ ಇರಲಿ.

ವಾಟರ್ ರೈಡು ಮೊದಲು, ಡ್ರೈ ರೈಡು ಆಮೇಲೆ. ಕ್ರಿಸ್‌ಮಸ್ ಸಮಯದಲ್ಲಿ ಈ ಕ್ರಮ ತಪ್ಪಿಸಿದವರ ರಾತ್ರಿ ಕೆಟ್ಟಿತೆಂದೇ ತಿಳಿಯಿರಿ. ಆ ವಾರ ಅಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ನಾಲ್ಕೂವರೆಯಿಂದಲೇ ಗಾಳಿ ತಣ್ಣಗಾಗುತ್ತದೆ. ಒದ್ದೆ ಮೈಯಿಂದ ನೀರು ಆರುವಾಗ ಮೈಯ ಶಾಖವನ್ನೂ ಹೊತ್ತೊಯ್ಯುತ್ತದೆ. ಸಣ್ಣ ಮಕ್ಕಳಿಗೆ ತುಟಿ ನೀಲಿಗಟ್ಟಿ ಹಲ್ಲು ಕಟಕಟ ಅನ್ನಲು ಹತ್ತು ನಿಮಿಷ ಸಾಕು. ಮೂರೂವರೆಗೆ ನೀರಿನಿಂದ ಎಲ್ಲರನ್ನೂ ಎಬ್ಬಿಸಿ. ವೇವ್ ಪೂಲ್ ಇನ್ನೊಂದು ರೌಂಡ್ ಅನ್ನುತ್ತಾರೆ, ಬಿಡಬೇಡಿ. ತಲೆಕೂದಲು ಪೂರ್ತಿ ಒರೆಸಿ, ಒಣ ಒಳಉಡುಪು ಸಮೇತ ಬಟ್ಟೆ ಬದಲಿಸಿ. ಹೆಣ್ಣುಮಕ್ಕಳ ಉದ್ದ ಜಡೆ ಆರಲು ಒಂದೂವರೆ ಗಂಟೆ ಬೇಕು, ಅದಕ್ಕೇ ಈ ಹೊತ್ತು ಹೇಳಿದ್ದು.

ನೀರಿಗೆ ಇಳಿಯಲು ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಬೇಕು. ಕಾಟನ್ ಚೂಡಿದಾರ್, ಸೀರೆ, ಲುಂಗಿ, ಜೀನ್ಸ್ ಬಿಡುವುದಿಲ್ಲ. ಕಾಟನ್ ನೀರು ಹೀರಿ ಭಾರವಾಗುತ್ತದೆ, ಅದರ ನೂಲು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತದೆ, ಜಿಪ್ಪು-ಗುಂಡಿ ಜಾರುಬಂಡೆಯನ್ನು ಗೀಚುತ್ತವೆ. ಊರಲ್ಲೇ ಮೈತುಂಬ ಮುಚ್ಚುವ ಲೈಕ್ರಾ ಸೂಟು ಕೊಂಡರೆ ಅತ್ತೆ, ಸೊಸೆ ಇಬ್ಬರಿಗೂ ಸಂಕೋಚವಿಲ್ಲ. ನಾಲ್ಕು ಜನಕ್ಕೆ ತೆಳು ಟವೆಲ್ ನಾಲ್ಕು ಹಾಗೂ ಹೆಚ್ಚುವರಿ ಒಂದು, ಒಣಬಟ್ಟೆ ತಲಾ ಒಂದು ಜೊತೆ, ಮಕ್ಕಳಿಗೆ ಎರಡು ಜೊತೆ, ಸ್ವೆಟರ್, ಕಿವಿ ಮುಚ್ಚುವ ಟೋಪಿ, ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಚೀಲ ಎರಡು. ಸ್ವೆಟರ್‌ಗಳನ್ನು ಕಾರಲ್ಲೇ ಬಿಟ್ಟು ಹೋಗಬೇಡಿ. ಪಾರ್ಕಿಂಗಿಗೆ ಹೋಗಿ ಬರಲು ಆಗ ಯಾರಿಗೂ ಕಾಲಲ್ಲಿ ಬಲ ಇರುವುದಿಲ್ಲ. ಬೆಳಿಗ್ಗೆಯೇ ಲಾಕರ್‌ಗೆ ಹಾಕಿ. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಕಾರಿನಲ್ಲಿರಲಿ, ದಾರಿಗಾಗುತ್ತದೆ.

ಐದಕ್ಕೆ ಎಲ್ಲರೂ ಕೂತು ಬಿಸಿ ಏನಾದರೂ ತಿನ್ನಿ. ಏಳಕ್ಕೆ ಊಟದ ಕೌಂಟರ್ ಮುಂದೆ ಜಾತ್ರೆ ಸೇರುತ್ತದೆ, ಹಸಿದ ಮಗು ದೀಪ ನೋಡುವುದಿಲ್ಲ, ಅಳುತ್ತದೆ. ಆರಕ್ಕೆ ದೊಡ್ಡ ಕ್ರಿಸ್‌ಮಸ್ ಟ್ರೀ ಹತ್ತಿರ ಇರಿ. ಫೋಟೋಗೆ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷವೇ ಬಂಗಾರ: ಆಕಾಶ ಇನ್ನೂ ಕಡುನೀಲಿ ಇರುತ್ತದೆ, ದೀಪವೂ ಕಾಣುತ್ತದೆ, ಮುಖವೂ ಕಾಣುತ್ತದೆ. ಪೂರ್ತಿ ಕತ್ತಲಾದ ಮೇಲೆ ಟ್ರೀಗೆ ಒರಗಿ ನಿಂತರೆ ಮುಖ ಕಪ್ಪಾಗುತ್ತದೆ. ಟ್ರೀಯಿಂದ ಹತ್ತು-ಹನ್ನೆರಡು ಅಡಿ ಮುಂದೆ ಬಂದು, ಎದುರಿನ ಯಾವುದಾದರೂ ಅಂಗಡಿಯ ಬೆಳಕು ಮುಖಕ್ಕೆ ಬೀಳುವಂತೆ ನಿಲ್ಲಿಸಿ, ಫ್ಲಾಶ್ ಆರಿಸಿ, ಪರದೆಯಲ್ಲಿ ದೀಪದ ಮೇಲೆ ಬೆರಳೊತ್ತಿ ಬೆಳಕನ್ನು ಸ್ವಲ್ಪ ಇಳಿಸಿ. ವಿಡಿಯೋದಲ್ಲಿ ಗೆರೆಗೆರೆ ಓಡುತ್ತಿದ್ದರೆ ಫೋನು ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸರಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 25 ಅಥವಾ 50 ಫ್ರೇಮ್ ಇದ್ದರೆ ಅದಕ್ಕೆ ಬದಲಿಸಿ, ಗೆರೆ ಕಡಿಮೆಯಾಗುತ್ತದೆ.

ಹಿಮ ಬೀಳಿಸುತ್ತಾರೆ ಎಂದರೆ ನಮ್ಮ ಬಯಲುಸೀಮೆ ಮಕ್ಕಳಿಗೆ ಅದರಷ್ಟು ಸಂಭ್ರಮ ಇನ್ನೊಂದಿಲ್ಲ. ಅದು ಹಿಮವಲ್ಲ, ನೊರೆ. ಸೋಪಿನಂಥ ದ್ರಾವಣವನ್ನು ತೆಳುಬಟ್ಟೆಯ ಬಲೆಗೆ ಹಾಯಿಸಿ ಹಿಂದಿನಿಂದ ಫ್ಯಾನು ಊದಿದರೆ ಸಣ್ಣ ಸಣ್ಣ ನೊರೆಯ ಚೂರು ಹಾರಿ ಬರುತ್ತದೆ. ಮಕ್ಕಳು ಬಾಯಿ ತೆರೆದು ಹಿಡಿಯಲು ಹೋಗುತ್ತಾರೆ. ಬೇಡ ಎಂದು ಮೊದಲೇ ಹೇಳಿ. ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಉಜ್ಜಬಾರದು, ಬಾಟಲಿ ನೀರಿನಲ್ಲಿ ತೊಳೆಯಬೇಕು. ಯಂತ್ರದ ಬುಡದಲ್ಲಿ ಚೂರು ದಪ್ಪ, ನೆಲ ಹಸಿ, ಜಾರುವುದು ಅಲ್ಲೇ. ಹದಿನೈದು ಅಡಿ ದೂರ, ಗಾಳಿ ಬೀಸುವ ದಿಕ್ಕಿಗೆ ನಿಂತರೆ ಹಗುರ ಚೂರುಗಳು ನಿಧಾನ ಇಳಿಯುತ್ತವೆ, ನೋಡಲೂ ಚಂದ. ಅಜ್ಜ-ಅಜ್ಜಿಯನ್ನು ಟೈಲ್ಸ್ ನೆಲದ ಮೇಲೆ ನಿಲ್ಲಿಸಬೇಡಿ, ಬದಿಯ ಬೆಂಚು ಹಿಡಿದು ಕೊಡಿ.

ಕತ್ತಲಲ್ಲಿ ಮಕ್ಕಳು ತಪ್ಪಿಸಿಕೊಳ್ಳುವುದು ಡಿಜೆ ಶುರುವಾದ ಮೇಲೆ. ಕೂಗಿದರೆ ಕೇಳುವುದಿಲ್ಲ, ಫೋನು ಹೊಡೆದರೂ ಕೇಳುವುದಿಲ್ಲ, ಎಲ್ಲ ಮಕ್ಕಳ ತಲೆ ಮೇಲೂ ಅದೇ ಕೆಂಪು ಟೋಪಿ. ಸಂಜೆ ಬಟ್ಟೆ ಬದಲಿಸಿದ ಮೇಲೆ ಮಗುವಿನ ಒಂದು ನಿಲುವಿನ ಫೋಟೋ ತೆಗೆದಿಡಿ. ಬೆಳಗಿನ ಬಟ್ಟೆಯ ಫೋಟೋ ಆಗ ಉಪಯೋಗಕ್ಕಿಲ್ಲ. ಮೊಣಕೈ ಒಳಗಡೆ ಬಾಲ್ ಪೆನ್ನಿನಲ್ಲಿ ಇಬ್ಬರ ನಂಬರ್ ಬರೆಯಿರಿ. ನೀರಾಟ ಮುಗಿದ ಮೇಲೆ ಬರೆಯಿರಿ, ಮೊದಲೇ ಬರೆದರೆ ಅಳಿಸಿಹೋಗುತ್ತದೆ. ತಪ್ಪಿಸಿಕೊಂಡರೆ ನಡೆಯಬೇಡ, ನಿಂತಲ್ಲೇ ನಿಲ್ಲು, ಸಮವಸ್ತ್ರದವರ ಹತ್ತಿರ ಮಾತ್ರ ಹೇಳು ಎಂದು ಕಲಿಸಿ. ಪಟಾಕಿ ಇದ್ದರೆ ಪುಟ್ಟ ಮಕ್ಕಳನ್ನು ಸ್ಪೀಕರಿನಿಂದಲೂ ದೂರ ಇರಿಸಿ.

ದಾರಿಯ ಬಗ್ಗೆ ಹೆಚ್ಚಿಲ್ಲ. ತುಮಕೂರು, ನೆಲಮಂಗಲ ದಾಟಿ ಮಾದಾವರದ ಬಳಿ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಇಳಿದರೆ ಬೆಂಗಳೂರು ಪೇಟೆಯ ಟ್ರಾಫಿಕ್ ತಪ್ಪುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇನ ಮುಖ್ಯ ಲೇನಿನಿಂದ ಬೇಕೆಂದಲ್ಲಿ ಇಳಿಯಲಾಗದು, ಸರ್ವಿಸ್ ರಸ್ತೆಗೆ ಮೊದಲೇ ಇಳಿಯಬೇಕು. ದಾವಣಗೆರೆಯವರು ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿಗೆ ಇಳಿದು, ನಿಲ್ದಾಣದಿಂದಲೇ ನೇರಳೆ ಮಾರ್ಗದ ಮೆಟ್ರೋದಲ್ಲಿ ಚಲ್ಲಘಟ್ಟದವರೆಗೆ ಹೋಗಿ, ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ ಹಿಡಿಯಬಹುದು. ಇದು ನಮ್ಮ ಮೊದಲ ಆಯ್ಕೆ. ಯಾರೂ ನಿದ್ದೆಗಣ್ಣಲ್ಲಿ ಗಾಡಿ ಓಡಿಸಬೇಕಿಲ್ಲ. ದುರ್ಗದವರಿಗೆ ಇಷ್ಟು ನೇರದ ರೈಲು ದಾರಿ ಇನ್ನೂ ಇಲ್ಲ. ತುಮಕೂರು-ಚಿತ್ರದುರ್ಗ-ದಾವಣಗೆರೆ ನೇರ ರೈಲುಮಾರ್ಗ ಆದಷ್ಟು ಬೇಗ ಆಗಲಿ ಎಂದು ನಾವು ಕೂಗುವುದು ಇಂಥ ಪ್ರಯಾಣಗಳಿಗಾಗಿಯೂ ಹೌದು.

ರಾತ್ರಿ ಬಿಡದಿ, ರಾಮನಗರ, ಕೆಂಗೇರಿ ಕಡೆ ಉಳಿಯಲು ಎರಡು ವಾರ ಮೊದಲೇ ರೂಮು ಹಿಡಿಯಿರಿ. ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಎಂಟಕ್ಕೆ ಹೊರಟರೆ ಆರಾಮಾಗಿ ಎರಡು ಗಂಟೆಗೆ ದಾವಣಗೆರೆ.

ಮಕ್ಕಳೊಡನೆ ಇನ್ನೊಂದು ಕಡೆ ಹೋಗುವುದು ಬಾಕಿ ಇದೆ. ಪಾರ್ಕಿನಲ್ಲಿ ಟ್ರೀ, ಸಾಂತಾ, ದೀಪ ನೋಡಿದ ಮಗುವಿಗೆ ಹಬ್ಬ ಯಾರ ಹುಟ್ಟಿನದು ಎಂದು ಗೊತ್ತಾಗಿರುವುದಿಲ್ಲ. ಅದು ಗೊತ್ತಾಗುವುದು ಗೋದಲಿಯ ಮುಂದೆ: ಹುಲ್ಲು, ದನ, ಕುರಿ, ನಡುವೆ ಬಾಲ ಏಸು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಜೀವಂತ ದನ-ಕತ್ತೆ ನಿಲ್ಲಿಸಿ ಮಾಡಿ ತೋರಿಸಿದ್ದು ಇಂದಿಗೂ ನಡೆದು ಬಂದಿದೆ. ಹೊಲ, ಹಟ್ಟಿ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಸಾಂತಾನ ಹಿಮಬಂಡಿಗಿಂತ ಇದು ಹತ್ತಿರದ್ದು. ನಮ್ಮೆರಡು ಊರಿನ ಚರ್ಚುಗಳಲ್ಲೂ ಗೋದಲಿ ಕಟ್ಟುತ್ತಾರೆ, ಬೇರೆ ಧರ್ಮದವರೂ ಹೋಗಿ ನೋಡುತ್ತಾರೆ. 24ರ ರಾತ್ರಿ ಬಲಿಪೂಜೆ ಎಂಬ ಚರ್ಚಿನ ಆರಾಧನೆಯ ಹೊತ್ತು ಭಕ್ತರದ್ದು, ಆಗ ಫೋಟೋ ತೆಗೆಯುತ್ತ ಅಡ್ಡ ನಿಲ್ಲಬೇಡಿ. ಗೋದಲಿ ಜನವರಿ ಮೊದಲ ವಾರದವರೆಗೂ ಇರುತ್ತದೆ. ಬಿಡದಿಯಿಂದ ಬಂದು, ನಿದ್ದೆ ಮಾಡಿ, ಯಾವುದಾದರೂ ಸಂಜೆ ನಡೆದುಕೊಂಡೇ ಹೋಗಿ ಬನ್ನಿ. ಚಪ್ಪಲಿ ಬಿಡುವುದು ಎಲ್ಲಿ ಎಂದು ಒಳಗಿನವರನ್ನು ಕೇಳಿದರೆ ಪ್ರೀತಿಯಿಂದ ಹೇಳುತ್ತಾರೆ.