ಗಾಳಿ ಬಂದಾಗ ಕಿಟಕಿ ತೆರೆದಿಡಿ ಎಂಬ ಸಂದೇಶ ತಪ್ಪು

‘ಜೋರು ಗಾಳಿ ಬೀಸುವಾಗ ಪತ್ರಾಸ್ (ತಗಡಿನ ಛಾವಣಿ) ಮನೆಯ ಬಾಗಿಲು, ಕಿಟಕಿ ತೆರೆದಿಡಿ, ಗಾಳಿ ಹಾದುಹೋಗಿ ಛಾವಣಿ ಉಳಿಯುತ್ತದೆ, ಮೇಲೆ ಕಲ್ಲು ಹೇರಿ’ ಎಂಬ ಸಂದೇಶ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಸಲಹೆ ತಪ್ಪು. ಬಾಗಿಲು, ಕಿಟಕಿ ಎಲ್ಲವನ್ನೂ ಮುಚ್ಚಿ ಚಿಲಕ ಹಾಕಬೇಕು.

ಛಾವಣಿಯ ಮೇಲೆ ಹಾಯುವ ಗಾಳಿ ಪತ್ರಾಸನ್ನು ಮೇಲಕ್ಕೆ ಎಳೆಯುತ್ತದೆ. ಗಾಳಿ ಬರುವ ದಿಕ್ಕಿನ ಬಾಗಿಲು ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ದಬ್ಬುತ್ತದೆ. ಎರಡೂ ಸೇರಿದರೆ ಬೋಲ್ಟು ತಡೆಯುವುದಿಲ್ಲ. ವೇಗ ಗಂಟೆಗೆ 40ರಿಂದ 80 ಕಿ.ಮೀ.ಗೆ ಏರಿದರೆ ಒತ್ತಡ ಏರುವುದು ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಸಡಿಲ ಕಲ್ಲು ಹಾಳೆಯನ್ನು ಹಿಡಿದಿಡುವುದಿಲ್ಲ. ಹಾಳೆ ಎದ್ದರೆ ಆ ಕಲ್ಲೇ ಜನರ ತಲೆ ಮೇಲೆ ಬೀಳುತ್ತದೆ. ಹಿಡಿದಿಡುವುದು ಜೆ-ಹುಕ್ ಬೋಲ್ಟು, ಅಂದರೆ ಹಾಳೆಯನ್ನು ಕೆಳಗಿನ ಅಡ್ಡತೊಲೆಗೆ ಬಿಗಿಯುವ ಕೊಕ್ಕೆ ಬೋಲ್ಟು. ಗಾಳಿಯ ಎಳೆತ ಹೆಚ್ಚಿರುವುದು ಅಂಚು, ಮೂಲೆಗಳಲ್ಲಿ. ಅಲ್ಲಿ ಬೋಲ್ಟು ಒತ್ತೊತ್ತಾಗಿರಲಿ. ತುಕ್ಕು ಹಿಡಿದದ್ದನ್ನೂ ಒಣಗಿ ಬಿರಿದ ವಾಷರನ್ನೂ ಬದಲಿಸಿ. ಈ ಕೆಲಸ ಅಡ್ಡಮಳೆ (ಮುಂಗಾರಿಗೆ ಮುಂಚಿನ ಗಾಳಿ-ಮಳೆ) ಶುರುವಾಗುವ ಮೊದಲೇ ಮುಗಿಯಬೇಕು. ಮುನ್ಸೂಚನೆ ಬಂದ ಮೇಲೆ, ಮೋಡ ಕವಿದಾಗ ಏಣಿ ಹತ್ತುವುದು ಇನ್ನೂ ದೊಡ್ಡ ಅಪಾಯ.

ಛಾವಣಿ ಅಲುಗುತ್ತಿದ್ದರೆ ಗಾಳಿ ಏರುವ ಮುಂಚೆಯೇ ಪಕ್ಕದ ಆರ್‌ಸಿಸಿ ಮನೆಗೋ ಶಾಲೆಗೋ ಹೋಗಿ. ಬೇವಿನ ಮರದಡಿ ನಿಲ್ಲಬೇಡಿ, ದನ ಕಟ್ಟಬೇಡಿ. ವಿದ್ಯುತ್ ತಂತಿ ಹರಿದು ಬಿದ್ದಿದ್ದರೆ ದೂರದಿಂದಲೇ ಹೆಸ್ಕಾಂನ 1912ಕ್ಕೆ ಕರೆ ಮಾಡಿ.

ಹಳೆಯ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನು ಹಾಕಿ.