ಮುಹೂರ್ತವಿಲ್ಲದ ದಿನ ಈಜು

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ ಎಂದು ನಂದಿ ಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ನದಿಗಳ ಹೆಸರನ್ನು ಮಕ್ಕಳಿಂದ ಒಂದೇ ಉಸಿರಿನಲ್ಲಿ ಹೇಳಿಸಿ, ಅವುಗಳಲ್ಲಿ ಒಂದಾದರೂ ವರ್ಷಪೂರ್ತಿ ಹರಿಯುವುದನ್ನು ತೋರಿಸಲಾಗದೆ ಮೇಷ್ಟರು ಮುಂದಿನ ಪಾಠಕ್ಕೆ ಹೋಗಿಬಿಡುವುದು ಚಿಕ್ಕಬಳ್ಳಾಪುರ ಜಿಲ್ಲೆಯ ಪದ್ಧತಿ. ಬೋರ್‌ವೆಲ್ ಲಾರಿ 1,200 ಅಡಿ ಕೊರೆದು ಬರೀ ದೂಳನ್ನು ಉಗುಳಿ ಹೊರಟುಹೋಗುವ ಈ ಸೀಮೆಯ ಚಿಂತಾಮಣಿಯಲ್ಲಿ, ಮಕ್ಕಳಿಗಾಗಿ ಒಂದು ಸ್ಪರ್ಧಾತ್ಮಕ ಈಜು ಸಂಘವನ್ನು ಕಟ್ಟಬೇಕೆಂದು ನಾನೂ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರೂ ಹೊರಟೆವು. ಚಂದಾ ಕೇಳಲು ಹೋದಾಗ ಟೊಮೆಟೊ ಮಂಡಿಯ ವರ್ತಕರೊಬ್ಬರು ಚಂದಾ ಪುಸ್ತಕವನ್ನು ತೆರೆಯುವ ಮೊದಲೇ, "ನೀರು ಎಲ್ಲಿಂದ ತರ್ತೀರ?" ಎಂದು ಕೇಳಿ, ಉತ್ತರಕ್ಕೂ ಕಾಯದೆ, "ಆ ಬೆಂಗಳೂರು ನೀರಲ್ಲ ತಾನೆ?" ಎಂದರು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಪೈಪುಗಳಲ್ಲಿ ಹರಿಸಿ ನಮ್ಮ ಕೆರೆಗಳನ್ನು ತುಂಬಿಸುವ ಕೆಲಸ 2018ರಲ್ಲಿ ಕೋಲಾರದ ಕಡೆಯಿಂದ ಶುರುವಾದ ಮೇಲೆ, ಇಲ್ಲಿ ಯಾರಿಗಾದರೂ ನೀರು ಕಂಡರೆ ಮೊದಲು ಅದರ ಊರು ಕೇರಿ ವಿಚಾರಿಸುವುದು ರೂಢಿಯಾಗಿದೆ.

ನೀರು ಸಿಕ್ಕಿದ್ದು ಮದುವೆ ಛತ್ರವೊಂದರ ಹಿತ್ತಿಲಿನಲ್ಲಿ. ಪಕ್ಕದ ಛತ್ರಕ್ಕೆ ಲಿಫ್ಟ್ ಬಂದದ್ದನ್ನು ಸಹಿಸಲಾರದೆ ಅದರ ಮಾಲೀಕರು ಈಜುಕೊಳವನ್ನು ಕಟ್ಟಿಸಿದ್ದರು. ಸ್ಪರ್ಧೆಯ ಕೊಳವೆಂದರೆ 50 ಮೀಟರ್ ಇರಬೇಕು, ಇಲ್ಲವೇ 25 ಮೀಟರಾದರೂ ಇರಬೇಕು. ಇದನ್ನು ಟೇಪು ಹಿಡಿದು ಅಳೆದಾಗ ಉದ್ದ 20 ಮೀಟರ್, ಅಗಲ 8 ಮೀಟರ್, ಆಳ 1.2 ಮೀಟರ್ ಎಂದು ತಿಳಿಯಿತು. ಅಂದರೆ 50 ಮೀಟರ್ ಸ್ಪರ್ಧೆ ನಡೆಸಿದರೆ ಮಕ್ಕಳು ಎರಡೂವರೆ ಸಲ ಈಜಿ, ಗುರಿ ಮುಟ್ಟುವ ಹೊತ್ತಿಗೆ ಕೊಳದ ನಟ್ಟನಡುವೆ ಇರಬೇಕಾಗುತ್ತಿತ್ತು. ಜಿಗಿಯುವ ಕಟ್ಟೆ ಇರುವ ಕಡೆ ನೀರು ಕನಿಷ್ಠ 1.35 ಮೀಟರ್ ಆಳವಿರಬೇಕೆಂಬ ನಿಯಮವಿರುವುದರಿಂದ ಜಿಗಿತದ ಅಭ್ಯಾಸವನ್ನೂ ಕೈಬಿಡಬೇಕಾಯಿತು. ಮಾಲೀಕರಿಗೆ ಇದನ್ನೆಲ್ಲ ವಿವರಿಸಿದಾಗ ಅವರಿಗೆ ಬೇಸರವಾಯಿತು. "ಒಂದು ಸಲ ತುಂಬಿಸೋಕೆ 32 ಟ್ಯಾಂಕರ್ ನೀರು ಹೊಡ್ಸಿದೀನಿ ಸಾರ್, ಇನ್ನೂ ಚಿಕ್ಕದು ಅಂತೀರಲ್ಲ" ಎಂದರು. 6,000 ಲೀಟರಿನ ಟ್ಯಾಂಕರುಗಳ ಲೆಕ್ಕ ಸರಿಯಾಗಿಯೇ ಇತ್ತು. ಬಾಡಿಗೆಯಲ್ಲಿ ರಿಯಾಯಿತಿಯನ್ನೂ ಕೊಟ್ಟರು. ಷರತ್ತು ಒಂದೇ: ಮದುವೆಯಿರುವ ದಿನ ಈಜು ಇರಕೂಡದು.

ಜಗತ್ತಿನ ಇತರ ಈಜು ಸಂಘಗಳು ವರ್ಷದ ತರಬೇತಿಯ ವೇಳಾಪಟ್ಟಿಯನ್ನು ಸ್ಪರ್ಧೆಗಳ ದಿನಾಂಕ ನೋಡಿ ಹಾಕುತ್ತವೆ. ನಾವು ಒಂಟಿಕೊಪ್ಪಲ್ ಪಂಚಾಂಗ ನೋಡಿ ಹಾಕಿದೆವು. ಬೇಸಿಗೆ ರಜೆಯಲ್ಲಿ, ಮಕ್ಕಳಿಗೆ ಬಿಡುವಿದ್ದು ಬಿಸಿಲೂ ಚೆನ್ನಾಗಿರುವಾಗ, ಚೈತ್ರ ವೈಶಾಖಗಳ ಲಗ್ನಗಳು ಒಂದರ ಹಿಂದೊಂದು ಬಂದು ಕೊಳ ಕೈಗೆ ಸಿಗಲಿಲ್ಲ. ಆಷಾಢ ಬಂತು, ಕೊಳ ನಮ್ಮದಾಯಿತು, ಆದರೆ ಗಾಳಿಗೆ ನೀರಿನಿಂದ ಮೇಲೆ ಬಂದ ಮಕ್ಕಳ ಹಲ್ಲು ಕಟಕಟಿಸುತ್ತಿದ್ದವು. ಪಿತೃಪಕ್ಷದಲ್ಲಿ ಮತ್ತೆ ಹದಿನೈದು ದಿನ ಸಿಕ್ಕಿತು. ಅನಂತರ ಧನುರ್ಮಾಸ, ಶುಭಕಾರ್ಯಗಳಿಲ್ಲದ ಒಂದಿಡೀ ತಿಂಗಳು, ಬೆಳಗಿನ ಜಾವ ಅಂಬಾಜಿದುರ್ಗದ ಬೆಟ್ಟವೇ ಕಾಣದಷ್ಟು ಮಂಜು. ಶಿಕ್ಷಕರು ಸೀಟಿ ಊದಿದರೂ ನೀರಿಗಿಳಿಯದೆ ಮಕ್ಕಳು ಟವಲು ಹೊದ್ದು ಕೊಳದ ಸುತ್ತ ನಿಂತಿರುತ್ತಿದ್ದರು, ಅವರ ತಾಯಂದಿರು "ಸ್ವಲ್ಪ ಬಿಸಿನೀರು ಬೆರೆಸೋಕಾಗಲ್ವಾ?" ಎಂದು ಕೇಳುತ್ತಿದ್ದರು. 1,92,000 ಲೀಟರಿಗೆ ಎಷ್ಟು ಹಂಡೆ ಬೆರೆಸಬೇಕೆಂಬ ಲೆಕ್ಕವನ್ನು ಕಾರ್ಯದರ್ಶಿಯಾದ ನಾನು ಮಾಡಲಿಲ್ಲ.

ಷರತ್ತನ್ನು ನಾವು ಪಾಲಿಸಿದರೂ ಮದುವೆಯವರು ಪಾಲಿಸಲಿಲ್ಲ. ಮದುವೆಯ ಮರುದಿನ ಕೊಳದಲ್ಲಿ ಅಕ್ಷತೆ, ಕನಕಾಂಬರ, ಒಮ್ಮೆ ಒಂದು ಬಾಸಿಂಗದ ತುಂಡು ತೇಲುವುದು ಮಾಮೂಲಾಗಿತ್ತು. ಅದನ್ನೆಲ್ಲ ಜಾಲರಿಯಿಂದ ಎತ್ತಬಹುದು. ಎತ್ತಲಾಗದ್ದೆಂದರೆ ಅರಿಶಿನ. ಅರಿಶಿನ ಹಚ್ಚುವ ಶಾಸ್ತ್ರ ಮುಗಿದೊಡನೆ ಮದುಮಗನ ಗೆಳೆಯರು ಅವನನ್ನು ಹಾಗೆಯೇ ಎತ್ತಿ ಕೊಳಕ್ಕೆ ಹಾಕಿ, ತಾವೂ ಹಿಂದೆಯೇ ಹಾರಿದ್ದರು. ಮಾರನೆಯ ಬೆಳಿಗ್ಗೆ ಶಿಕ್ಷಕರು ವಾಡಿಕೆಯಂತೆ ಚಿಕ್ಕ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕುಳಿತರು. ಅದಕ್ಕೆ ಫೀನಾಲ್ ರೆಡ್ ದ್ರಾವಣದ ಹನಿ ಬಿಟ್ಟಾಗ ನೀರು ಹಳದಿಗೆ ತಿರುಗಿದರೆ ಆಮ್ಲ ಹೆಚ್ಚಿದೆ ಎಂದೂ, ಕಡುಗೆಂಪಾದರೆ ಕ್ಷಾರ ಹೆಚ್ಚಿದೆ ಎಂದೂ ಅರ್ಥ. ಈಜುಕೊಳದ ಪಿಎಚ್ 7.2ರಿಂದ 7.8ರ ನಡುವೆ ಇದ್ದರೆ ಒಳ್ಳೆಯದು. ಅಂದು ಹನಿ ಬಿಡುವ ಮೊದಲೇ ಕೊಳವೆ ಹಳದಿಯಾಗಿತ್ತು. ಶಿಕ್ಷಕರು ಕೊಳವೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿ, ದಾಖಲೆ ಪುಸ್ತಕದಲ್ಲಿ ಪಿಎಚ್ ಎಂಬ ಅಂಕಣದಲ್ಲಿ "ಮಂಗಳಕರ" ಎಂದು ಬರೆದರು.

ವಾಸನೆಯದೂ ಒಂದು ಕಥೆ. ಈಜುಕೊಳದಲ್ಲಿ ಮೂಗಿಗೆ ಅಡರುವ ಘಾಟು ಬರೀ ಕ್ಲೋರಿನ್ನಿನದೆಂದು ಎಲ್ಲರೂ ತಿಳಿದಿರುತ್ತಾರೆ. ವಾಸ್ತವವಾಗಿ ಕ್ಲೋರಿನ್ ಬೆವರಿನೊಡನೆ, ಮೂತ್ರದೊಡನೆ ಕೂಡಿದಾಗ ಹುಟ್ಟುವ ಕ್ಲೋರಮೈನುಗಳ ಘಾಟು ಅದು. ಸಂಘದ ಉದ್ಘಾಟನೆಗೆ ಬಂದಿದ್ದ ಅತಿಥಿಯೊಬ್ಬರು ಆಳವಾಗಿ ಉಸಿರೆಳೆದು, "ಇಷ್ಟು ಕ್ಲೀನಾಗಿರೋ ಕೊಳ ನಾನು ನೋಡೇ ಇಲ್ಲ" ಎಂದು ಭಾಷಣ ಮಾಡಿದರು. ವೇದಿಕೆಯ ಮೇಲೆ ಕುಳಿತಿದ್ದವರಲ್ಲಿ ನಿಜಸಂಗತಿ ಬಲ್ಲವರು ಇಬ್ಬರೇ. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು.

ಸಂಘದ ನೋಂದಣಿ ಸಲೀಸಾಗಿ ಆಗಬೇಕಿತ್ತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಮಂದಿ ಸೇರಿದರೆ ಸಂಘವಾಗುತ್ತದೆ, ಮತ್ತು ಚಿಂತಾಮಣಿಯಲ್ಲಿ ಯಾವ ಟೀ ಅಂಗಡಿಯ ಮುಂದೆಯಾದರೂ ಏಳು ಮಂದಿ ಸಿಗುತ್ತಾರೆ. ಬೈಲಾ ಬರೆಯುವ ಕೆಲಸವನ್ನು ವಹಿಸಿಕೊಂಡ ಖಜಾಂಚಿಯವರು ಕರಾವಳಿಯ ಯಾವುದೋ ಸಂಘದ ಬೈಲಾವನ್ನು ತರಿಸಿ, ಊರಿನ ಹೆಸರನ್ನಷ್ಟೇ ಬದಲಾಯಿಸಿ ಸಲ್ಲಿಸಿದ್ದರು. ಹೀಗಾಗಿ ನಮ್ಮ ಸಂಘದ ಉದ್ದೇಶಗಳಲ್ಲಿ ನಾಲ್ಕನೆಯದು ಚಿಂತಾಮಣಿಯ ಸಮುದ್ರತೀರದಲ್ಲಿ ಜೀವರಕ್ಷಕರನ್ನು ನೇಮಿಸುವುದು, ಐದನೆಯದು ದೋಣಿ ಮಗುಚಿದಾಗ ಮೀನುಗಾರರಿಗೆ ನೆರವಾಗುವುದು. ಕಚೇರಿಯ ಗುಮಾಸ್ತರು ಕಣ್ಣಲ್ಲಿ ಕಣ್ಣಿಟ್ಟು ಓದುವವರಾಗಿದ್ದರಿಂದ ಅರ್ಜಿ ವಾಪಸು ಬಂತು.

ಮಕ್ಕಳನ್ನು ಸೇರಿಸಲು ನಮ್ಮ ಶಿಕ್ಷಕರು ಮನೆಮನೆಗೆ ಹೋಗಿ, ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದ್ದನ್ನೂ, ಅದೇ ನಗರದ ಶ್ರೀಹರಿ ನಟರಾಜ್ ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಈಜಿದ್ದನ್ನೂ ರೋಮಾಂಚನದಿಂದ ಹೇಳುತ್ತಿದ್ದರು. ಕೇಳಿದವರು ಕಾಫಿ ಕೊಟ್ಟು ಕಳಿಸುತ್ತಿದ್ದರು. ಒಲಿಂಪಿಕ್ಸ್‌ನಿಂದ ಆಗದ ಕೆಲಸ ಸಿಇಟಿಯಿಂದ ಆಯಿತು. ವೃತ್ತಿಪರ ಕೋರ್ಸುಗಳಲ್ಲಿ ಕ್ರೀಡಾ ಕೋಟಾ ಎಂಬುದೊಂದಿದೆ ಎಂದು ಯಾರೋ ಬಾಯಿಬಿಟ್ಟದ್ದೇ ತಡ, ವಾರದೊಳಗೆ ಕೊಳದ ಮುಂದೆ ಸ್ಕೂಟರುಗಳ ಸಾಲು ನಿಂತಿತು. ಜನನ ಪ್ರಮಾಣಪತ್ರ ಕೇಳಿದಾಗ ಮಾತ್ರ ಕೆಲವು ತಂದೆಯರ ಮುಖ ಬಾಡಿತು. ಒಂದನೆಯ ತರಗತಿಗೆ ಬೇಗ ಸೇರಿಸುವ ಆತುರದಲ್ಲಿ ಅವರು ಎಂದೋ ಮಗುವಿನ ವಯಸ್ಸನ್ನು ಏರಿಸಿ ಬರೆಸಿದ್ದರು, ಮತ್ತು ಆ ಕಾರಣದಿಂದ ಈಗ ಅವರ ಮಗು ಮೀಸೆ ಚಿಗುರಿದ ಹುಡುಗರ ವಿಭಾಗದಲ್ಲಿ ಈಜಬೇಕಾಗಿತ್ತು.

ನಮ್ಮ ಸೀಮೆಯಲ್ಲಿ ಈಜು ಬಲ್ಲವರಿಲ್ಲವೆಂದಲ್ಲ. ಹಳೆಯ ತಲೆಮಾರಿನವರು ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತವರು, ಮತ್ತು ಅವರ ಪ್ರಕಾರ ಈಜುವುದೆಂದರೆ ಮುಳುಗದೆ ದಡ ಸೇರುವುದು. ಸ್ಪರ್ಧೆಯ ಈಜು ಅಲ್ಲಿಂದ ಮುಂದಕ್ಕೆ ಶುರುವಾಗುತ್ತದೆ. ಮುಳುಗದೆ ದಡ ಸೇರಿದವನನ್ನೂ ಅದು ಅನರ್ಹಗೊಳಿಸಬಲ್ಲದು. ಸಂಘ ಕಟ್ಟುವುದರಲ್ಲಿ ನೀರು, ಹಣ, ನೋಂದಣಿ ಇವು ಯಾವುವೂ ನಿಜವಾದ ಕಷ್ಟಗಳಲ್ಲ. ಈ ಒಂದು ಅಂಶವನ್ನು ಊರಿಗೆ ಒಪ್ಪಿಸುವುದೇ ಕಷ್ಟ.

ಕೈವಾರದ ಕಡೆಯ ಹಳ್ಳಿಯೊಂದರಿಂದ ತಾತನೊಡನೆ ಬರುತ್ತಿದ್ದ ಹುಡುಗನೊಬ್ಬ ನಮ್ಮ ಸಂಘದ ಅತ್ಯಂತ ವೇಗದ ಈಜುಗಾರ. 2021ರ ನವೆಂಬರಿನ ಮಳೆಗೆ ಬಾವಿಗಳು ತುಂಬಿದಾಗ ತಾತನೇ ಅವನಿಗೆ ಕಲಿಸಿದ್ದರು. ಬಾವಿಯಲ್ಲಿ ಹಾವಿರುತ್ತದೆಂದು ತಲೆಯನ್ನು ನೀರಿನಿಂದ ಮೇಲೆತ್ತಿ, ಅತ್ತಿತ್ತ ನೋಡುತ್ತಾ ಈಜುವುದು ಅವನ ಕ್ರಮ. ಛತ್ರದ ಕೊಳದಲ್ಲಿ ಹಾವಿಲ್ಲವೆಂದು ಎಷ್ಟು ಹೇಳಿದರೂ ಅವನು ಪೂರ್ತಿ ನಂಬಿದಂತೆ ಕಾಣಲಿಲ್ಲ.

ಮೊದಲ ಸ್ಪರ್ಧೆಗೆ ಹೊಸಕೋಟೆ ಮಾರ್ಗವಾಗಿ ಬೆಂಗಳೂರಿನ 50 ಮೀಟರ್ ಕೊಳವೊಂದಕ್ಕೆ ಹೋದೆವು. ಕೊಳವನ್ನು ಕಂಡ ಮಕ್ಕಳು ಮಾತು ನಿಲ್ಲಿಸಿದರು. 20 ಮೀಟರಿಗೊಮ್ಮೆ ಗೋಡೆ ಮುಟ್ಟಿ ಅಭ್ಯಾಸವಾಗಿದ್ದ ಹುಡುಗಿಯೊಬ್ಬಳು ಅರ್ಧ ದಾರಿಯಲ್ಲಿ ಗೋಡೆ ಸಿಗದೆ ಹಗ್ಗ ಹಿಡಿದು ನಿಂತು, ದಡದಲ್ಲಿದ್ದ ನನ್ನನ್ನು "ಅಂಕಲ್, ಇನ್ನೂ ಇದೆಯಾ?" ಎಂದು ಕೇಳಿದಳು. ನಮ್ಮ ಬಾವಿಯ ಹುಡುಗನಂತೂ ಫ್ರೀಸ್ಟೈಲ್ ಸ್ಪರ್ಧೆಯ ಪೀಪಿ ಊದಿದೊಡನೆ ಕಟ್ಟೆಯಿಂದ ಮುಂದಕ್ಕೆ ಚಾಚಿ ಜಿಗಿಯುವ ಬದಲು, ಬಾವಿಗೆ ಹಾರುವಂತೆ ನೆಟ್ಟಗೆ ಕೆಳಗಿಳಿದ. ಉಳಿದವರು 15 ಮೀಟರ್ ದಾಟುವ ಹೊತ್ತಿಗೆ ಅವನು ಮೇಲೆ ಬಂದ. ಬಾವಿಯ ತಳ ಮುಟ್ಟಿದವರು ಸಾಕ್ಷಿಗಾಗಿ ಒಂದು ಹಿಡಿ ಮಣ್ಣು ತರಬೇಕೆಂಬುದು ನಮ್ಮ ಕಡೆಯ ಕಟ್ಟಳೆ. ಅಲ್ಲಿ ಮಣ್ಣು ಸಿಗದ ಕಾರಣ ಅವನ ಕೈಯಲ್ಲಿ ಯಾರದೋ ಕೂದಲಿನ ಕ್ಲಿಪ್ಪಿತ್ತು. ಅದನ್ನು ತಾತನಿಗೆ ಎತ್ತಿ ತೋರಿಸಿ, ಅನಂತರ ಈಜಲು ತೊಡಗಿದ.

ಮಧ್ಯಾಹ್ನದ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಅವನೇ ಮೊದಲು ಗೋಡೆ ಮುಟ್ಟಿದ, ಒಂದು ಕೈಯಲ್ಲಿ. ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈಗಳಲ್ಲಿ ಪ್ರತಿ ತಿರುವಿನಲ್ಲೂ ಕೊನೆಯಲ್ಲೂ ಎರಡೂ ಕೈಗಳು ಏಕಕಾಲಕ್ಕೆ ಗೋಡೆಯನ್ನು ಮುಟ್ಟಬೇಕು, ಇಲ್ಲವಾದರೆ ಅನರ್ಹ. ಫಲಕದಲ್ಲಿ ಮೊಮ್ಮಗನ ಹೆಸರಿನ ಮುಂದೆ ಡಿಕ್ಯೂ ಎಂದು ಬಂದಾಗ, ಅದು ಡಿಗ್ರಿಯ ಹಾಗೆ ಏನೋ ಗೌರವವಿರಬೇಕೆಂದು ತಾತ ಹಿಗ್ಗಿದರು. ವಿಷಯ ತಿಳಿದ ಮೇಲೆ ಪಂಚೆ ಮೇಲೆತ್ತಿ ಕಟ್ಟಿ ರೆಫರಿಯವರ ಮುಂದೆ ನಿಂತರು.

"ಒಂದು ಕೈಯೋ ಎರಡು ಕೈಯೋ, ಮೊದ್ಲು ಮುಟ್ಟವ್ನೋ ಇಲ್ವೋ, ಅದ್ನ ಹೇಳಿ ಸ್ವಾಮಿ."

"ಮುಟ್ಟಿದ್ದಾನೆ ಯಜಮಾನ್ರೇ. ಆದರೆ ರೂಲ್ಸು ಎರಡು ಕೈ ಅನ್ನುತ್ತೆ."

"ಬಾವೀಲಿ ಎರಡು ಕೈಲೂ ಗೋಡೆ ಮುಟ್ಟಿದ್ರೆ ಮೇಲಕ್ಕೆ ಹತ್ತೋದು ಯಾವ ಕೈಲಿ?"

ರೆಫರಿಯವರು ತಾಳ್ಮೆಯಿಂದ, ತಕರಾರಿದ್ದರೆ ಸ್ಪರ್ಧೆ ಮುಗಿದ 30 ನಿಮಿಷಗಳೊಳಗೆ ಲಿಖಿತವಾಗಿ, ಠೇವಣಿ ಹಣದೊಂದಿಗೆ ಸಲ್ಲಿಸಬೇಕೆಂದು ವಿವರಿಸಿದರು. ತಾತನಿಗೆ ನಿಯಮಕ್ಕಿಂತ ಇದೇ ಹೆಚ್ಚು ಆಶ್ಚರ್ಯ ತಂದಿತು. "ಜಗಳ ಆಡೋಕೂ ದುಡ್ಡು ಕಟ್ಬೇಕಾ? ನಮ್ಮೂರಲ್ಲಿ ಬಿಟ್ಟಿ ಆಡ್ತೀವಿ" ಎಂದು ಹೇಳಿ ಹಿಂದಿರುಗಿದರು. ಆದರೆ ಬಸ್ಸಿನಲ್ಲಿ ಹೊಸಕೋಟೆ ದಾಟುವವರೆಗೂ ಸುಮ್ಮನಿದ್ದವರು, ನಿಯಮ ಪುಸ್ತಕವನ್ನು ಕೊಡಿ ಎಂದು ನನ್ನಿಂದ ಪಡೆದುಕೊಂಡು, ಮೊಮ್ಮಗನಿಂದ ಓದಿಸಿ ಕೇಳತೊಡಗಿದರು. ಚಿಂತಾಮಣಿ ತಲುಪುವಷ್ಟರಲ್ಲಿ ಅವರು ಬ್ರೆಸ್ಟ್‌ಸ್ಟ್ರೋಕ್ ಮುಗಿಸಿ ಬಟರ್‌ಫ್ಲೈಗೆ ಬಂದಿದ್ದರು.

ಈಗ ನಮ್ಮ ಸಂಘದ ತಿರುವು ಪರಿವೀಕ್ಷಕರು, ಎಂದರೆ ಕೈಗಳು ಸರಿಯಾಗಿ ಗೋಡೆ ಮುಟ್ಟಿದವೇ ಎಂದು ನೋಡುವವರು, ಅವರೇ. ಇದರಿಂದ ಒಂದು ಅನುಕೂಲವಾಗಿದೆ. ಸ್ಟಾಪ್‌ವಾಚ್ ಹಿಡಿಯುವ ಕೆಲಸವನ್ನು ತಂದೆತಾಯಿಗಳಿಗೆ ವಹಿಸಿದರೆ ಆಗುವ ಅನಾಹುತವನ್ನು ನಾವು ಕಂಡಿದ್ದೇವೆ. ಒಂದು ಪಥಕ್ಕೆ ಮೂವರು ಗಡಿಯಾರ ಹಿಡಿಯುವುದು, ಮೂರೂ ಬೇರೆ ಬೇರೆ ತೋರಿಸಿದರೆ ನಡುವಿನ ಸಮಯವನ್ನು ತೆಗೆದುಕೊಳ್ಳುವುದು ಎಂಬುದು ಒಳ್ಳೆಯ ನಿಯಮವೇ, ಆದರೆ ಮೂವರೂ ತಮ್ಮ ಪಥವನ್ನು ಬಿಟ್ಟು ಸ್ವಂತ ಮಗುವನ್ನೇ ನೋಡುತ್ತಿದ್ದರೆ ನಡುವಿನದೂ ಸುಳ್ಳೇ. ತಾತ ಹಾಗಲ್ಲ. ಮೊಮ್ಮಗನನ್ನೂ ಒಮ್ಮೆ ಅನರ್ಹಗೊಳಿಸಿ, ಸಂಜೆ ಅವನಿಗೆ ಬೋಂಡಾ ಕೊಡಿಸಿ ಸಮಾಧಾನ ಮಾಡಿದವರು.

ತೊಂದರೆ ಬಂದದ್ದು ಕಳೆದ ಆಷಾಢದ ನಮ್ಮದೇ ಸ್ಪರ್ಧೆಯಲ್ಲಿ. ಛತ್ರದ ಮಾಲೀಕರ ಮಗ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮೊದಲು ಬಂದ, ತಾತ ಎಡಗೈ ತಡವಾಯಿತೆಂದು ಕೈಯೆತ್ತಿದರು. ಮಾಲೀಕರು ಹಿಂದೆಮುಂದೆ ನೋಡದೆ, ಛತ್ರದ ಮದುವೆಗಳಿಗೆ ವಿಡಿಯೊ ತೆಗೆಯುವ ಹುಡುಗನಿಂದ ಇಡೀ ಸ್ಪರ್ಧೆಯನ್ನು ಚಿತ್ರೀಕರಿಸಿದ್ದೇವೆ, ನೋಡಿ ತೀರ್ಮಾನಿಸೋಣ ಎಂದರು. ಸಮಿತಿಯವರೆಲ್ಲ ಛತ್ರದ ಊಟದ ಹಾಲಿನ ದೊಡ್ಡ ಟಿವಿಯ ಮುಂದೆ ಕುಳಿತೆವು. ಆ ಹುಡುಗ ಅಭ್ಯಾಸಬಲದಿಂದ ಪೂರ್ತಿ ಎಡಿಟ್ ಮಾಡಿಯೇ ತಂದಿದ್ದ. ಹಿನ್ನೆಲೆಯಲ್ಲಿ ನಾದಸ್ವರ, ಮಕ್ಕಳ ಹೆಸರುಗಳು ಬಂಗಾರದ ಅಕ್ಷರಗಳಲ್ಲಿ, ಮತ್ತು ಕೈಗಳು ಗೋಡೆಯನ್ನು ಮುಟ್ಟುವ ಸರಿಯಾದ ಕ್ಷಣದಲ್ಲಿ ದೃಶ್ಯ ನಿಧಾನಗೊಂಡು ಪರದೆಯ ತುಂಬ ಗುಲಾಬಿ ಎಸಳುಗಳು ಸುರಿದವು. ಎಸಳುಗಳು ಸರಿದಾಗ ಹುಡುಗ ಆಗಲೇ ಟವಲು ಹೊದ್ದುಕೊಂಡಿದ್ದ. ಎಸಳಿಲ್ಲದ ಮೂಲ ದೃಶ್ಯ ಕೊಡಪ್ಪಾ ಎಂದರೆ, ಮೆಮೊರಿ ಕಾರ್ಡಿನಲ್ಲಿ ಜಾಗ ಸಾಲದೆ ಅಳಿಸಿಬಿಟ್ಟೆ ಎಂದ. ತಾತ ತೀರ್ಪನ್ನು ಬದಲಾಯಿಸಲು ಒಪ್ಪಿಲ್ಲ, ತಕರಾರಿದ್ದರೆ ಮಾಲೀಕರು ಠೇವಣಿ ಕಟ್ಟಿ ಬರೆದುಕೊಡಲಿ ಎನ್ನುತ್ತಾರೆ. ಮಾಲೀಕರು ಬರೆದುಕೊಟ್ಟಿದ್ದಾರೆ, ಆದರೆ ಅದು ಮುಂದಿನ ತಿಂಗಳಿನಿಂದ ಬಾಡಿಗೆ ಏರಿಸುವ ಪತ್ರ.