"ಹೌದಾ ಸಾರ್"

ಎರಡು ಸಲ ಸೋಪು ಹಾಕಿ ತೊಳೆದೆ. ಕೈಯಿಂದ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ವಾಸನೆ ಇನ್ನೂ ಹೋಗಿಲ್ಲ.

ಶಿರಾಡಿ ಘಾಟಿ ಪೂರ್ತಿ ಹತ್ತಿತ್ತು ಗಾಡಿ. ದೋಣಿಗಾಲ್ ಬಂತು, ಇನ್ನೇನು ಗೆದ್ದೆವು ಅನ್ನುವಾಗ ಟೆಂಪರೇಚರ್ ಮುಳ್ಳು ಮೇಲೆ, ಬಾನೆಟ್ ಸಂದಿಯಿಂದ ಹಬೆ. ಆ ಪೈಪು! ರೇಡಿಯೇಟರ್ ಮೇಲಿನ ದರಿದ್ರ ಹೋಸ್ ಪೈಪು. ಅದರ ಬೆಲೆ 580 ರೂಪಾಯಿ. ಗಾಡಿ ಎಳೆಸಿದ್ದಕ್ಕೆ ಕೊಟ್ಟಿದ್ದು 3,500.

ದುಡ್ಡು ಹಾಳಾಗಲಿ. ಸಕಲೇಶಪುರದ ಆ ಮೆಕ್ಯಾನಿಕ್ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತೆರಡು. ಇಂಜಿನ್ ತಣ್ಣಗಾದ ಮೇಲೆ ಕ್ಲಿಪ್ಪಿನ ಹತ್ತಿರ ಪೈಪನ್ನು ಎರಡೇ ಬೆರಳಲ್ಲಿ ಹಿಸುಕಿದ. ಟೀಗೆ ಅದ್ದಿದ ರಸ್ಕಿನ ಹಾಗೆ ಒಳಗೆ ಹೋಯಿತು. "ಹೊರಗೆ ಚೆನ್ನಾಗೇ ಕಾಣ್ತದೆ ಸಾರ್, ಒಳಗಿಂದ ಹಾಳಾಗೋದು ಇದು" ಅಂದ. ಸರಿ, ಒಪ್ಪಿದೆ. ಹಾಗೇ ಫ್ಯಾನ್ ಬೆಲ್ಟ್ ತಿರುಗಿಸಿ ಬಿರುಕು ತೋರಿಸಿದ. ಅದನ್ನೂ ಒಪ್ಪಿದೆ. ಆಮೇಲೆ ಕೇಳಿದ, "ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು?"

ಇಂಜಿನ್ನಿನ ವಾಲ್ವುಗಳು ಪಿಸ್ಟನ್ ತಾಳಕ್ಕೆ ಸರಿಯಾಗಿ ತೆರೆದು ಮುಚ್ಚುವ ಹಾಗೆ ನೋಡಿಕೊಳ್ಳುವ ಬೆಲ್ಟು ಅದು; ಕೆಲವು ಗಾಡಿಗಳಲ್ಲಿ ಆ ಜಾಗದಲ್ಲಿ ಚೈನ್ ಇರುತ್ತದೆ. ಸುಮ್ಮನಿರಬೇಕಿತ್ತು. "ಇದರಲ್ಲಿ ಚೈನ್ ಅಲ್ವಾ?" ಅಂದೆ.

"ಇಲ್ಲ ಸಾರ್. ಬೆಲ್ಟು."

ಆಗ ಮಾವ, ಪಾಪ ಹೆಮ್ಮೆಯಿಂದಲೇ, "ನಮ್ಮ ಅಳಿಯಂದಿರು ಮೆಕ್ಯಾನಿಕಲ್ ಇಂಜಿನಿಯರು" ಅಂದರು.

ಹುಡುಗ ನನ್ನನ್ನು ನೋಡಿದ. ಪೈಪು ನೋಡಿದ. ಮತ್ತೆ ನನ್ನನ್ನು ನೋಡಿ, "ಹೌದಾ ಸಾರ್" ಅಂದ.

ನಗಲಿಲ್ಲ. ನಕ್ಕುಬಿಟ್ಟಿದ್ದರೆ ನಾನೂ ನಕ್ಕು ಮುಗಿಸುತ್ತಿದ್ದೆ. ಹೆಂಡತಿ ಮಾತ್ರ ದೂರದ ಬೆಟ್ಟ ನೋಡುತ್ತಾ ನಿಂತಳು. ಬೆಟ್ಟದಲ್ಲಿ ಏನೂ ಇರಲಿಲ್ಲ.

ಮೂರು ವಾರದ ಹಿಂದೆ ಸರ್ವಿಸ್ ಆಗಿದೆ ಸ್ವಾಮಿ! ಶೀಟಿನಲ್ಲಿ "ಹೋಸ್, ಬೆಲ್ಟ್: ಓಕೆ" ಅಂತ ಟಿಕ್ ಇದೆ. ಎರಡು ಬೆರಳಲ್ಲಿ ಹಿಸುಕುವಷ್ಟು ಪುರುಸೊತ್ತಿಲ್ಲವಾ ಅವರಿಗೆ? ಎಸಿ ಕ್ಲೀನಿಂಗ್, ಟೆಫ್ಲಾನ್ ಕೋಟಿಂಗ್, ಅದೆಲ್ಲಾ ತಲೆಗೆ ಕಟ್ಟೋಕೆ ಪುರುಸೊತ್ತಿದೆ.

ಇನ್ನೊಂದು ವಿಷಯ ಹೇಳಲೋ ಬೇಡವೋ. ಹೋದ ವರ್ಷ ಸರ್ವಿಸ್ ಸೆಂಟರಿನವರೇ ಟೈಮಿಂಗ್ ಬೆಲ್ಟು ಬದಲಾಯಿಸಿ ಅಂದಿದ್ದರು. ಯಾವ ಬೆಲ್ಟು ಅಂತಲೂ ಕೇಳಿಸಿಕೊಳ್ಳದೆ, ಸುಲಿಗೆ ಅಂತ ಕೌಂಟರಿನಲ್ಲೇ ಕೂಗಾಡಿದ್ದೆ. ಗಾಡಿ ಓಡಿರುವುದೇ 70,000, ಅಷ್ಟಕ್ಕೇ ಬೆಲ್ಟಾ ಅಂತ. ಈ ಸಲ ಅವರು ಬಾಯಿ ಬಿಡದೆ ಟಿಕ್ ಹಾಕಿ ಕಳಿಸಿದ್ದಾರೆ. ಆದರೂ ತಪ್ಪು ಅವರದೇ. ಗಿರಾಕಿ ಕೂಗಾಡಿದರೆ ಇನ್ನೊಂದು ಸಲ ಹೇಳಬೇಕು ತಾನೇ?

ಮ್ಯಾನ್ಯುಯಲ್ ಪ್ಲಾಸ್ಟಿಕ್ ಕವರ್ ಬಿಚ್ಚಿದ್ದು ಇವತ್ತೇ, ಏಳು ವರ್ಷದ ಮೇಲೆ. ಟೈಮಿಂಗ್ ಬೆಲ್ಟಿಗೆ 80,000 ಕಿಲೋಮೀಟರ್ ಅಥವಾ 5 ವರ್ಷ, ಯಾವುದು ಮೊದಲೋ ಅದು. ನಾನು ಕಿಲೋಮೀಟರ್ ಎಣಿಸುತ್ತಾ ಕೂತಿದ್ದೆ. ರಬ್ಬರಿಗೆ ನಿಂತಲ್ಲೇ ವಯಸ್ಸಾಗುತ್ತದಂತೆ. ಆ ಬೆಲ್ಟು ಘಾಟಿಯಲ್ಲಿ ಕಿತ್ತುಹೋಗಿದ್ದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದಿ ಇಂಜಿನ್ನೇ ಬಿಚ್ಚಬೇಕಿತ್ತು. ಇದನ್ನು ನಾನು ಐದನೇ ಸೆಮಿಸ್ಟರಿನಲ್ಲಿ ಚಿತ್ರ ಸಮೇತ ಬರೆದು ಪಾಸಾಗಿದ್ದೇನೆ.

ಸಂಜೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಬೆಲ್ಟಿನ ಜೊತೆ ಅದನ್ನು ಬಿಗಿಯಾಗಿಡುವ ಟೆನ್ಷನರ್, ಕೂಲೆಂಟ್ ಓಡಿಸುವ ವಾಟರ್ ಪಂಪ್ ಕೂಡ ಹಾಕಿಸಿ ಅಂತಾರೆ. ಆ ಪಂಪು ತಿರುಗುವುದೂ ಅದೇ ಬೆಲ್ಟಿನಿಂದಂತೆ, ಹೇಗಿದ್ದರೂ ಬಿಚ್ಚುತ್ತೇವಲ್ಲ, ಮತ್ತೆ ಬಿಚ್ಚಿದರೆ ಕೂಲಿ ಡಬಲ್ ಅಂತೆ. ನಿಜವೇ ಇರಬಹುದು. ಸುಲಿಗೆಯೂ ಇರಬಹುದು. ಗೊತ್ತಿರುವವರು ಯಾರಾದರೂ ಹೇಳ್ರಪ್ಪಾ, ಹೂಂ ಅನ್ನಲಾ ಬೇಡವಾ?

ಮಾವ ಹಾಲಿನಲ್ಲಿ ಕೂತು ಯಾರಿಗೋ ಫೋನಿನಲ್ಲಿ ಇದೇ ಕಥೆ ಹೇಳುತ್ತಿದ್ದಾರೆ. ಮೂರನೇ ಸಲ. "ಹೌದಾ ಸಾರ್" ಅನ್ನುವಾಗ ದನಿ ಕೂಡ ಹುಡುಗನದೇ.